ನಮ್ಮ ಮನೆಯಲ್ಲೊಂದು ಸಿನಿಮಾ

ಕೊರಟಗೆರೆ ತಾಲ್ಲೂಕಿನಲ್ಲಿ, ಸಿದ್ದರಬೆಟ್ಟದ ತಪ್ಪಲಿನ ಒಂದು ಸಣ್ಣ ಹಳ್ಳಿಯಲ್ಲಿ ನಮ್ಮ ಮನೆ. ಈ ಮನೆಗೆ ಮಳೆ ಬಂದಿದೆ, ಬರ ಬಂದಿದೆ, ಜಫ್ತಿಯ ಅಮೀನರೂ ಒಂದು ಸಲ ಬಂದುಹೋಗಿದ್ದಾರೆ. ಸಿನಿಮಾ ಬಂದುದು ಮಾತ್ರ ಕಳೆದ ಮಾಘಮಾಸದಲ್ಲಿ. ಅದನ್ನು ತಂದವಳು ನಮ್ಮಣ್ಣನ ಮೊಮ್ಮಗಳು.

ಹುಡುಗಿ ತುಮಕೂರಿನ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ಓದುತ್ತಾಳೆ. ಕೊನೆಯ ವರ್ಷದವರಿಗೆ ಪರೀಕ್ಷೆಯ ಅಂಗವಾಗಿ ಒಂದು ಕೆಲಸ ಕೊಟ್ಟಿದ್ದರಂತೆ: ನಾಲ್ಕು ನಾಲ್ಕು ಮಂದಿ ಸೇರಿ ಒಂದು ಥ್ರಿಲ್ಲರ್ ಚಿತ್ರದ ಆರಂಭವನ್ನು ತೆಗೆಯಬೇಕು. ಇಡೀ ಚಿತ್ರವಲ್ಲ, ಮೊದಲ ಎರಡು ನಿಮಿಷ ಮಾತ್ರ. ನನಗೆ ನಗು ಬಂದಿತು. “ಊಟಕ್ಕೆ ಕರೆದು, ಎಲೆ ಹಾಕಿ, ಉಪ್ಪು ಬಡಿಸಿ ಕಳುಹಿಸಿಬಿಟ್ಟ ಹಾಗಾಯಿತಲ್ಲೇ!” ಎಂದೆ. “ಕಷ್ಟ ಇರುವುದೇ ಅಲ್ಲಿ ತಾತ. ಉಪ್ಪು ನೋಡಿದ ಕೂಡಲೆ ಹಸಿವಾಗಬೇಕು” ಎಂದಳು. ನಲವತ್ತು ವರ್ಷ ಮೇಷ್ಟರಾಗಿದ್ದವನ ಬಾಯಿ ಅಷ್ಟಕ್ಕೇ ಮುಚ್ಚಿತು.

ಅವಳು ಮೊದಲು ಬರೆದುಕೊಂಡು ಬಂದ ಕಥೆಯನ್ನು ವಾಚಕರು ಕೇಳಬೇಕು. ಅಮಾವಾಸ್ಯೆಯ ರಾತ್ರಿ; ಬೆಟ್ಟದ ಮೇಲಿನ ಗುಹೆ; ಗುಹೆಯಲ್ಲಿ ಒಂದು ಹೆಣ; ಹೆಣದ ಪಕ್ಕದಲ್ಲಿ ಮಚ್ಚು. ಮುಸುಕು ಹಾಕಿಕೊಂಡ ಒಬ್ಬನು ಓಡುತ್ತಾನೆ, ಇನ್ನೊಬ್ಬನು ಅಟ್ಟಿಸಿಕೊಂಡು ಹೋಗುತ್ತಾನೆ, ನಡುನಡುವೆ ಸಿಡಿಲು. ಸಾಮಾನಿನ ಪಟ್ಟಿಯಲ್ಲಿ, ರಕ್ತಕ್ಕಾಗಿ, “ಬೀಟ್‌ರೂಟು 2 ಕೆ.ಜಿ.” ಎಂದಿತ್ತು.

ನಾನು ಎರಡು ಆಕ್ಷೇಪಣೆಗಳನ್ನು ಎತ್ತಿದೆ. ಸಿದ್ದೇಶ್ವರನ ಆ ಗುಹೆಗೆ ಜನ ಬರುವುದು ಮೈನೋವು ಮನಸ್ಸಿನ ನೋವುಗಳನ್ನು ಕಳೆದುಕೊಳ್ಳುವುದಕ್ಕೆ. ಒಳಗಿನ ಚಿಲುಮೆಯ ನೀರನ್ನು ತಲೆಗೆ ಹಾಕಿಸಿಕೊಂಡು, ಬಾಟಲಿಯಲ್ಲಿ ತುಂಬಿಸಿಕೊಂಡು ಮನೆಗೂ ಒಯ್ಯುತ್ತಾರೆ. ಬೆಟ್ಟದ ಮೂಲಿಕೆಗಳಿಗೆ ನಾಡಿನಲ್ಲೆಲ್ಲ ಹೆಸರುಂಟು. ಅಂಥ ಕಡೆ, ಬೀಟ್‌ರೂಟಿನದೇ ಆಗಲಿ, ರಕ್ತ ಚೆಲ್ಲುವುದು ಸರಿಯಲ್ಲ. ಎರಡನೆಯದು ವ್ಯಾವಹಾರಿಕವಾದದ್ದು. ನಮ್ಮ ಕಡೆಯ ಗುಡ್ಡಗಳಲ್ಲಿ ಕರಡಿ ಚಿರತೆಗಳು ಇವೆ. ಪಕ್ಕದ ಮಧುಗಿರಿ ತಾಲ್ಲೂಕಿನ ತಿಮ್ಮಲಾಪುರದಲ್ಲಿ ಕರಡಿಗಳಿಗೆಂದೇ ಅಭಯಾರಣ್ಯವಿದೆ. ಅಮಾವಾಸ್ಯೆಯ ರಾತ್ರಿ ಅಲ್ಲಿ ಚಿತ್ರ ತೆಗೆಯಹೊರಟರೆ ಥ್ರಿಲ್ಲರ್ ತಾನಾಗಿಯೇ ಆಗುತ್ತದೆ, ತೋರಿಸುವುದಕ್ಕೆ ಯಾರೂ ಉಳಿಯುವುದಿಲ್ಲ.

ಇನ್ನೊಂದು ಮಾತನ್ನು ಹೇಳಲಿಲ್ಲ. ಅದು ಅವಳ ಟಿಪ್ಪಣಿ ಪುಸ್ತಕದಲ್ಲಿಯೇ ಇದ್ದಿತು. ಹಿಚ್‌ಕಾಕ್ ಎಂಬ ನಿರ್ದೇಶಕನು 1962ರಲ್ಲಿ ಫ್ರಾನ್ಸಿನ ತ್ರುಫೋನೊಡನೆ ನಡೆಸಿದ ಸಂಭಾಷಣೆಯಲ್ಲಿ ಹೇಳಿದನಂತೆ: ಮೇಜಿನ ಕೆಳಗಿರುವ ಬಾಂಬು ಇದ್ದಕ್ಕಿದ್ದಂತೆ ಸಿಡಿದರೆ ನೋಡುವವನು ಹದಿನೈದು ಸೆಕೆಂಡು ಬೆಚ್ಚುತ್ತಾನೆ, ಬಾಂಬು ಇರುವುದು ಅವನಿಗೆ ಮೊದಲೇ ತಿಳಿದಿದ್ದು, ಮೇಜಿನ ಸುತ್ತ ಕುಳಿತವರು ಅದನ್ನರಿಯದೆ ಹರಟುತ್ತಿದ್ದರೆ ಹದಿನೈದು ನಿಮಿಷ ಉಸಿರು ಹಿಡಿದು ಕೂರುತ್ತಾನೆ. ಇದನ್ನು ಅಚ್ಚುಕಟ್ಟಾಗಿ ಬರೆದುಕೊಂಡು, ಕೆಳಗೆ ಕೆಂಪು ಗೆರೆಯನ್ನೂ ಎಳೆದು, ಮುಂದಿನ ಹಾಳೆಯಲ್ಲಿ ಮಚ್ಚು ಬರೆದಿದ್ದಳು. ವಿದ್ಯಾರ್ಥಿಗಳೆಲ್ಲ ಹೀಗೆಯೇ. ನಾನು ಬೀಟ್‌ರೂಟನ್ನು ಹೊಡೆದು ಹಾಕಿ, “ಇದರಲ್ಲಿ ಹೆದರಿಕೆ ಇಲ್ಲವಮ್ಮ, ಗಲಾಟೆ ಇದೆ” ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನಮ್ಮ ತಾತನ ವಿಚಾರ ಹೇಳು” ಎಂದಳು.

ನಮ್ಮ ಮನೆಯಲ್ಲಿ ಆ ವಿಚಾರವನ್ನು ಯಾರೂ ಎತ್ತುವುದಿಲ್ಲ. ಎತ್ತಬಾರದೆಂದು ಕಟ್ಟಳೆಯೇನೂ ಇಲ್ಲ. ಐವತ್ತು ವರ್ಷದಿಂದ ಹಾಗೆ ನಡೆದುಬಂದಿದೆ. ಆದರೂ ಅಂದು ಹೇಳಿದೆ. 1974ರ ಕಾರ್ತಿಕಮಾಸ. ಅಣ್ಣನಿಗೆ 26 ವರ್ಷ, ನನಗೆ 14. ಈ ಹುಡುಗಿಯ ತಂದೆ ಆಗ ಎಂಟು ತಿಂಗಳ ಕೂಸು. ಕೂಸಿಗೆ ಬಿಡದ ಕೆಮ್ಮು. ಬೇಲಿಯ ಆಡುಸೋಗೆಯಿಂದ ಗುಣ ಕಾಣಲಿಲ್ಲ. ಅಣ್ಣನಿಗೆ ಬೆಟ್ಟದಲ್ಲಿ ಯಾವುದೋ ಬೇರಿನ ಗುರುತಿತ್ತು. ಬೆಳಗಾಗುವ ಮೊದಲೇ ಚೀಲ ಹಿಡಿದು ಹೊರಟನು. ಬೇರು ಕೀಳುವವರು ಬರಿಗಾಲಿನಲ್ಲಿ ಹೋಗಬೇಕೆಂಬುದು ನಮ್ಮ ಮನೆತನದ ನಂಬಿಕೆ. ಚಪ್ಪಲಿಗಳು ಹೊಸ್ತಿಲ ಹೊರಗೇ ಉಳಿದುವು. ಅಣ್ಣ ಹಿಂದಿರುಗಲಿಲ್ಲ. ಎಂಟು ದಿನ ಊರೆಲ್ಲ ಪಂಜು ತಮಟೆ ಹಿಡಿದು ಹುಡುಕಿತು. ಚೀಲ ಸಿಕ್ಕಲಿಲ್ಲ, ಟವಲು ಸಿಕ್ಕಲಿಲ್ಲ, ಒಂದು ಗುರುತೂ ಸಿಕ್ಕಲಿಲ್ಲ. ಐದನೆಯ ದಿನ ಕೂಸಿನ ಕೆಮ್ಮು ತಾನಾಗಿಯೇ ನಿಂತಿತು.

ಏಳು ವರ್ಷ ಸುದ್ದಿಯಿಲ್ಲದವನನ್ನು ಸತ್ತನೆಂದು ಭಾವಿಸಬಹುದೆಂದು ಸಾಕ್ಷ್ಯದ ಕಾಯಿದೆಯಲ್ಲಿದೆ. 1981ರಲ್ಲಿ ಜಮೀನಿನ ಖಾತೆ ಬದಲಾಯಿಸುವುದಕ್ಕೆಂದು ವಕೀಲರು ಅರ್ಜಿ ಬರೆದು ತಂದರು. ಅತ್ತಿಗೆ ಅದಕ್ಕೆ ರುಜು ಹಾಕಲಿಲ್ಲ. ಇದರಿಂದ ನಮಗೆ ನಷ್ಟವಾಯಿತೆಂಬುದನ್ನು ಒಪ್ಪಬೇಕು. ಹಾಕಿರೆಂದು ಯಾರೂ ಎರಡನೆಯ ಸಲ ಹೇಳಲಿಲ್ಲವೆಂಬುದನ್ನೂ ಹೇಳಬೇಕು.

ಮಾರನೆಯ ಬೆಳಿಗ್ಗೆ ಹುಡುಗಿ ಒಂದೇ ಹಾಳೆಯ ಹೊಸ ಕಥೆ ತಂದಳು. ಹನ್ನೊಂದು ಶಾಟುಗಳು. ಚಿಲಕ ಸರಿಯುತ್ತದೆ. ಹೊಸ್ತಿಲ ಹೊರಗೆ ಒಂದು ಜೊತೆ ಚಪ್ಪಲಿ. ಬರಿಗಾಲುಗಳು ಅವನ್ನು ದಾಟಿ ಹೋಗುತ್ತವೆ. ದಾರಿ, ಬೆಟ್ಟ, ಗುಹೆಯ ಬಾಯಿ. ಕೊನೆಯಲ್ಲಿ ಮತ್ತೆ ಅದೇ ಚಪ್ಪಲಿ, ಸಂಜೆಯ ಬೆಳಕಿನಲ್ಲಿ. ಒಳಗೆ ಕೂಸಿನ ಕೆಮ್ಮು. ಮಾತು ಒಂದೂ ಇಲ್ಲ. ಹಾಡಿಲ್ಲದೆ ಜನರನ್ನು ಕೂರಿಸಬಹುದೆಂದು ಸುನೀಲ್‌ಕುಮಾರ್ ದೇಸಾಯಿಯವರ ‘ತರ್ಕ’ (1989) ತೋರಿಸಿಕೊಟ್ಟಿದೆ. ಇವಳು ಮಾತನ್ನೂ ಬಿಟ್ಟಿದ್ದಳು. ಓದಿದೆ. ಚೆನ್ನಾಗಿತ್ತು. ಚೆನ್ನಾಗಿದ್ದುದೇ ನನ್ನ ಸಂಕಟವಾಯಿತು.

“ನಿಮ್ಮಜ್ಜಿಯನ್ನು ಕೇಳಬೇಕು. ನಾನು ಕೇಳಲಾರೆ” ಎಂದೆ.

ಅಡಿಗೆಮನೆಯಲ್ಲಿ ಅತ್ತಿಗೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಹುಡುಗಿ ಎದುರಿಗೆ ಕುಳಿತು ಹಾಳೆಯನ್ನು ಓದಿ ಹೇಳಿದಳು. ಬಾಗಿಲ ಮರೆಯಲ್ಲಿ ನಿಂತಿದ್ದ ನನಗೆ ಮೊರದ ಸದ್ದು ನಿಂತದ್ದು ಕೇಳಿಸಿತು. ಬಹಳ ಹೊತ್ತಾದ ಮೇಲೆ ಅವರು, “ಚಿಲಕ ಅವರು ತೆಗೆಯಲಿಲ್ಲ, ನಾನು ತೆಗೆದೆ. ಅವರ ಕೈಯಲ್ಲಿ ಚೀಲ ಇತ್ತು” ಎಂದರು. ಆಮೇಲೆ, “ಮುಖ ತೋರಿಸಬೇಡಿ” ಎಂದರು. ಮೊರ ಮತ್ತೆ ಸದ್ದುಮಾಡಿತು.

ಹೀಗೆ ಚಿಲಕ ತೆಗೆಯುವ ಕೈ ಅತ್ತಿಗೆಯವರದೇ ಆಗಬೇಕೆಂದು ನಿರ್ಧಾರವಾಯಿತು. ಎಪ್ಪತ್ತು ವರ್ಷದವರ ಕೈ. ಹೋಗುವವನ ಕಾಲುಗಳು ಇಪ್ಪತ್ತರ ಹುಡುಗನವು. ನೋಡುವವರು ತಾಯಿಯೆಂದು ತಿಳಿಯುವರಲ್ಲ ಎಂದು ನಾನು ತಕರಾರು ಮಾಡಿದೆ. “ಇರಲಿ ತಾತ, ಅದೇ ಸರಿ” ಎಂದಳು. ಏಕೆ ಸರಿ ಎಂದು ಹೇಳಲಿಲ್ಲ.

ಸಿದ್ಧತೆಗೆ ಎರಡು ವಾರ ಹಿಡಿಯಿತು. ಅರಣ್ಯದ ಕಚೇರಿಗೊಂದು, ದೇವಸ್ಥಾನಕ್ಕೊಂದು ಅರ್ಜಿ. ಗೆರೆ ಪುಸ್ತಕದಲ್ಲಿ ಹನ್ನೊಂದು ಚೌಕ ಹಾಕಿ ಒಂದೊಂದರಲ್ಲೂ ಕಡ್ಡಿ ಮನುಷ್ಯರನ್ನು ಬರೆದು, ಕೆಳಗೆ ಎಷ್ಟು ಸೆಕೆಂಡು, ಯಾವ ಕಡೆಯಿಂದ ಬೆಳಕು, ಯಾವ ಸದ್ದು ಎಂದು ಗುರುತು ಮಾಡಿದರು. ನೂರಿಪ್ಪತ್ತು ಸೆಕೆಂಡನ್ನು ಅವರು ಹಂಚಿದ ರೀತಿ, ಬರಗಾಲದಲ್ಲಿ ನಮ್ಮ ತಾಯಿ ಬೆಲ್ಲವನ್ನು ಹಂಚುತ್ತಿದ್ದ ರೀತಿಯನ್ನು ಜ್ಞಾಪಕಕ್ಕೆ ತಂದಿತು. ಕ್ಯಾಮರಾ ಎಂದರೆ ಎರಡು ಮೊಬೈಲುಗಳು, ಒಂದು ಟ್ರೈಪಾಡು, ಒಂದು ಥರ್ಮೋಕೋಲ್ ಹಲಗೆ. ಒಟ್ಟು ಖರ್ಚು 1,140 ರೂಪಾಯಿ; ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತಿಂಡಿಗೆ.

ಮೊದಲ ದಿನ ಮನೆಯೊಳಗಿನ ಕೆಲಸ. ಚಿಲಕದ ಶಾಟು ಹದಿನಾಲ್ಕು ಸಲ ಆಯಿತು. ಒಮ್ಮೆ ಟ್ರಾಕ್ಟರು, ಒಮ್ಮೆ ಪಕ್ಕದ ಮನೆಯ ಮಿಕ್ಸಿ, ಒಮ್ಮೆ ಕೋಳಿ. ಕೋಳಿ ಇರಲೆಂದೆ, ಬೆಳಗಿನ ಜಾವಕ್ಕೆ ಅದು ಸಲ್ಲತಕ್ಕದ್ದೇ. ಆದರೆ ಆಗ ಹಗಲು ಹನ್ನೊಂದು ಗಂಟೆ. ಹಗಲಿನಲ್ಲಿ ಜಾವವನ್ನು ತೆಗೆಯುವುದು ಸಿನಿಮಾದವರ ಹಳೆಯ ಉಪಾಯ: ಕಿಟಕಿಗೆ ಕಂಬಳಿ ಕಟ್ಟಿ, ಮೊಬೈಲು ತಾನಾಗಿ ಬೆಳಕನ್ನು ಏರಿಸದಂತೆ ಅದನ್ನು ಬಂಧಿಸಿ, ಆಮೇಲೆ ಬಣ್ಣವನ್ನು ನೀಲಿಗೆ ತಿರುಗಿಸುವುದು. ಹದಿನಾಲ್ಕು ಸಲವೂ ಅತ್ತಿಗೆ ಒಂದೇ ರೀತಿಯಲ್ಲಿ ಚಿಲಕ ಸರಿಸಿದರು. ನಮ್ಮ ಜಿಲ್ಲೆ ಗುಬ್ಬಿ ವೀರಣ್ಣನವರದು. ಅವರ ಸಂಸ್ಥೆಯ ‘ಬೇಡರ ಕಣ್ಣಪ್ಪ’ದಿಂದ (1954) ನಾಡು ರಾಜ್‌ಕುಮಾರರನ್ನು ಕಂಡಿತು. ನಟನೆ ಈ ಮಣ್ಣಿನಲ್ಲಿದೆಯೆಂದು ನಾವು ಜಂಬ ಪಡುವುದುಂಟು. ಆದರೆ ಅತ್ತಿಗೆ ಅಂದು ನಟಿಸುತ್ತಿದ್ದರೆಂದು ನನಗೆ ತೋರಲಿಲ್ಲ.

ಎರಡನೆಯ ದಿನ, ಜನ ಕಡಿಮೆ ಇರುವ ಒಂದು ಬುಧವಾರ, ಬೆಟ್ಟ ಹತ್ತಿದೆವು. ಅಣ್ಣನ ಪಾತ್ರದ ಹುಡುಗ ತುಮಕೂರಿನವನು, ಬಹಳ ವಿನಯವಂತ. ಪಂಚೆ ಉಟ್ಟು ನಡೆದರೆ ಮದುವೆಗೆ ಹೊರಟ ಬೀಗರ ಹಾಗೆ ಕಾಣುತ್ತಿದ್ದನು. ಬರಿಗಾಲಿಗೆ ಕಲ್ಲು ಚುಚ್ಚುವುದೂ ಒಂದು ಕಾರಣ. ಪಂಚೆಯನ್ನು ಎತ್ತಿ ಕಟ್ಟುವುದು, ಏರಿನಲ್ಲಿ ಬೆರಳಿನ ಮೇಲೆ ಭಾರ ಹಾಕುವುದು, ಇವನ್ನು ಹೇಳಿಕೊಟ್ಟೆ. “ಹಿಂದಕ್ಕೆ ತಿರುಗಿ ನೋಡಬೇಕೇ ಸಾರ್?” ಎಂದು ಕೇಳಿದನು. ಅಣ್ಣ ತಿರುಗಿ ನೋಡಿದನೋ ಇಲ್ಲವೋ, ನಾನು ಮಲಗಿದ್ದೆ. “ಬೇಡ” ಎಂದೆ. ಅಷ್ಟರಲ್ಲಿ ಕೋತಿಗಳು ಚಿತ್ರಾನ್ನದ ಡಬ್ಬಿಯನ್ನು ಒಯ್ದುವು.

ಗುಹೆಯೊಳಗೆ ಕತ್ತಲೆ, ದೀಪ ಹೊತ್ತು ತರುವ ಶಕ್ತಿ ನಮಗಿಲ್ಲ. ಇಲ್ಲಿ ಹುಡುಗಿ ಒಂದು ಸಾಹಸ ಮಾಡಿದಳು. ಮೈಸೂರಿನವರಾದ ವಿ. ಕೆ. ಮೂರ್ತಿಯವರು, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಹೋದವರು, ‘ಕಾಗಜ್ ಕೆ ಫೂಲ್’ (1959) ಚಿತ್ರದಲ್ಲಿ ದೊಡ್ಡ ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೋದೊಳಕ್ಕೆ ತಿರುಗಿಸಿ ಒಂದು ಬೆಳಕಿನ ಕಂಬವನ್ನೇ ನಿಲ್ಲಿಸಿದರು. ಅದನ್ನು ಪಾಠದಲ್ಲಿ ಕೇಳಿದ್ದ ಇವಳು ಅತ್ತಿಗೆಯವರ ನಿಲುವುಗನ್ನಡಿಯನ್ನು ಕಂಬಳಿಯಲ್ಲಿ ಸುತ್ತಿ, ಇಬ್ಬರು ಹುಡುಗರ ತಲೆಯ ಮೇಲೆ ಹೊರಿಸಿಕೊಂಡು ಬಂದಿದ್ದಳು. ಗುಹೆಯ ಬಾಯಲ್ಲಿ ಕನ್ನಡಿ ಹಿಡಿದರು. ಒಳಗಿನ ಬಂಡೆಯ ಮೇಲೆ ಬಿಸಿಲು ಬಿದ್ದಿತು! ಆದರೆ ಸೂರ್ಯ ನಿಲ್ಲುವನೆ? ಇಪ್ಪತ್ತು ಅಡಿ ದೂರದಲ್ಲಿ ಆ ಬೆಳಕು ನಾಲ್ಕು ನಿಮಿಷಕ್ಕೆ ನಾಲ್ಕು ಅಂಗುಲ ಜರುಗುತ್ತಿತ್ತು. ಹುಡುಗನು ಹೆಜ್ಜೆ ಇಡುವ ಜಾಗಕ್ಕೆ ಅದು ಬರುವ ವೇಳೆಗೆ ಯಾರಾದರೂ ಭಕ್ತರು ಬರುವರು. ಅವರಿಗೆ ದಾರಿ ಬಿಟ್ಟು ಕೈಮುಗಿಯುವಷ್ಟರಲ್ಲಿ ಬೆಳಕು ಮುಂದೆ ಹೋಗಿರುವುದು. ಆರನೆಯ ಸಲ ದೊರೆಯಿತು. ನಾಲ್ಕು ಗಂಟೆಗೆಲ್ಲ ಕೆಳಗಿಳಿಯತೊಡಗಿದೆವು.

ಇಳಿಯುವಾಗ ಹುಡುಗರಲ್ಲೊಬ್ಬನು, ಬೆಳಕು ಚೆನ್ನಾಗಿದೆಯೆಂದು, ಪಂಚೆಯ ಹುಡುಗನನ್ನು ಮತ್ತೊಮ್ಮೆ ಬೆಟ್ಟದ ಕಡೆಗೆ ನಡೆಸಿ, ದಾರಿಯ ಆಚೆ ಬದಿಯಿಂದ ಒಂದು ಶಾಟು ತೆಗೆದನು. ಇದು ತಪ್ಪು. ನಡೆಯುವವನನ್ನು ಒಂದೇ ಬದಿಯಿಂದ ತೆಗೆಯುತ್ತ ಹೋದರೆ ಅವನು ತೆರೆಯ ಮೇಲೆ ಎಡದಿಂದ ಬಲಕ್ಕೆ ಹೋಗುತ್ತಲೇ ಇರುತ್ತಾನೆ. ಕ್ಯಾಮರಾ ದಾರಿಯನ್ನು ದಾಟಿತೆಂದರೆ, ಅದೇ ಮನುಷ್ಯ ಅದೇ ದಿಕ್ಕಿಗೆ ನಡೆದರೂ, ಬಲದಿಂದ ಎಡಕ್ಕೆ ಬರುವಂತೆ ಕಾಣುತ್ತದೆ. ಚಲಚ್ಚಿತ್ರದ ವಿದ್ಯಾರ್ಥಿಗೆ ಇದು ಮೊದಲನೆಯ ಪಾಠವಂತೆ.

ರಾತ್ರಿ ಊಟವಾದ ಮೇಲೆ ತೆಗೆದುದನ್ನೆಲ್ಲ ನಡುಮನೆಯ ಟೀವಿಯಲ್ಲಿ ಸಾಲಾಗಿ ಹಾಕಿದರು. ಅತ್ತಿಗೆ ಕಂಬಕ್ಕೆ ಒರಗಿ ಕುಳಿತಿದ್ದರು. ತಮ್ಮ ಕೈಯನ್ನು ನೋಡಿ ಏನೂ ಹೇಳಲಿಲ್ಲ. ಚಪ್ಪಲಿ ಬಂದಿತು, ಕಾಲು ಬಂದಿತು, ದಾರಿ ಬಂದಿತು. ಬೆನ್ನು ಮಾಡಿದ ಪಂಚೆಯ ಯುವಕ ಗುಹೆಯ ಬೆಳಕಿನೊಳಕ್ಕೆ ಕಾಲಿಟ್ಟನು. ಕೊನೆಯಲ್ಲಿ ಆ ತಪ್ಪು ಶಾಟು. ಹೊತ್ತು ಇಳಿದ ಆಕಾಶ, ಅದರ ಎದುರಿಗೆ ಮಸಿಯಿಂದ ಬರೆದಂತೆ ಒಂದು ಆಕೃತಿ, ಮುಖ ತಿಳಿಯದು, ಹೆಗಲಲ್ಲಿ ಚೀಲ, ಬಲದಿಂದ ಎಡಕ್ಕೆ.

“ಬರ್ತಾ ಇದಾರಲ್ಲ” ಎಂದರು ಅತ್ತಿಗೆ.

ಯಾರೂ ಉಸಿರೆತ್ತಲಿಲ್ಲ. ತೆಗೆದ ಹುಡುಗನು, ಪಾಪ, “ಅಜ್ಜಿ, ಅದು ತಪ್ಪಾಗಿ ತೆಗೆದದ್ದು” ಎಂದು ವಿವರಿಸಹೊರಟನು. ಹುಡುಗಿ ಅವನ ತೋಳನ್ನು ಹಿಡಿದಳು. ಅತ್ತಿಗೆ ಎದ್ದು ಒಳಗೆ ಹೋದರು. ಹಾಲು ಹೆಪ್ಪು ಹಾಕುವ ಸದ್ದು ಕೇಳಿಸಿತು.

ಮುಗಿದ ಚಿತ್ರದಲ್ಲಿ ಆ ಶಾಟು ಇಲ್ಲ. ಸೇರಿಸಬೇಕೆಂದು ಹುಡುಗಿಯೂ, ಕೂಡದೆಂದು ಉಳಿದ ಮೂವರೂ ಒಂದು ವಾರ ವಾದ ಮಾಡಿದರಂತೆ. ನನ್ನನ್ನು ಕೇಳಿದರು. ನಿಯಮವೇ ಸರಿಯೆಂದೆ, ಮೇಷ್ಟರ ಬುದ್ಧಿ. ಅಧ್ಯಾಪಕರು ಇಪ್ಪತ್ತೈದಕ್ಕೆ ಹತ್ತೊಂಬತ್ತು ಕೊಟ್ಟು, ಮುಂದೆ ಏನಾಗುತ್ತದೆಂದು ಕೇಳಿದರಂತೆ. ಗೊತ್ತಿಲ್ಲವೆಂದಳಂತೆ.

ಕಳೆದ ಭಾನುವಾರ ಅವಳು ಊರಿಗೆ ಬಂದಿದ್ದಳು. ಮಧ್ಯಾಹ್ನ ಪಾತ್ರೆ ತೊಳೆದು ಸೆರಗಿಗೆ ಕೈ ಒರಸಿಕೊಳ್ಳುತ್ತ ಬಂದ ಅತ್ತಿಗೆ ಜಗಲಿಯಲ್ಲಿ ಅವಳ ಪಕ್ಕಕ್ಕೆ ಕುಳಿತು, “ಬೇಡ ಅಂತ ತೆಗೆದುಹಾಕಿದರಲ್ಲ, ಅದನ್ನ ಇಟ್ಟಿದ್ದೀಯೇನೆ?” ಎಂದು ಕೇಳಿದರು.

ಇಟ್ಟಿದ್ದಳು.