ಮೂರು ಹಳೇ ಟೈರು, ಒಂದು ಹೊಸದು

ಪಾರ್ಕಿಂಗ್ ಜಾಗದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ರಿವರ್ಸ್ ತೆಗೆಯುವಾಗ ಕಾರು ಮೊದಲ ಸಲ ಮುಗ್ಗರಿಸಿತು. ಯಾರೋ ಹಗ್ಗ ಕಟ್ಟಿ ಹಿಂದಕ್ಕೆ ಎಳೆದು ಬಿಟ್ಟಂತೆ, ತಡೆದು ತಡೆದು ಕುಪ್ಪಳಿಸಿತು. ಪಕ್ಕದಲ್ಲಿ ಕೂತಿದ್ದ ಹೆಂಡತಿ "ಹ್ಯಾಂಡ್ ಬ್ರೇಕ್ ತೆಗ್ದಿದೀರಾ?" ಅಂದಳು. ತೆಗೆದಿದ್ದೆ. ಅದು ನವೆಂಬರ್ ತಿಂಗಳು, ಡೆನ್ವರ್‌ನಲ್ಲಿ ಆಗಲೇ ಒಂದು ಸಲ ಹಿಮ ಬಿದ್ದಾಗಿತ್ತು.

ನಮ್ಮದು 2003ರ ಕಾರು. ನಾವು ಕೊಳ್ಳುವಾಗಲೇ ಅದಕ್ಕೆ ಹತ್ತೊಂಬತ್ತು ವರ್ಷ. ಆಟೊಮ್ಯಾಟಿಕ್, ಆಲ್ ವ್ಹೀಲ್ ಡ್ರೈವ್. ಹೆಂಡತಿ ಫಿಸಿಯೋಥೆರಪಿಸ್ಟ್. ವಾರಕ್ಕೆ ಎರಡು ದಿನ ಬೆಟ್ಟದ ಆಚೆಗಿನ ಊರಿಗೆ ಕೆಲಸಕ್ಕೆ ಹೋಗಬೇಕು. ದಾರಿಯಲ್ಲಿ ಐಸೆನ್‌ಹೋವರ್ ಸುರಂಗ ಸಿಗುತ್ತದೆ, ಸಮುದ್ರಮಟ್ಟದಿಂದ 11,000 ಅಡಿಗೂ ಎತ್ತರದಲ್ಲಿ. ಚಳಿಗಾಲದಲ್ಲಿ ಆ ರಸ್ತೆ ಗಾಜಿನ ಹಾಗಿರುತ್ತೆ. ಹೊಸ ಕಾರಿಗೆ ದುಡ್ಡಿಲ್ಲ, ಹಾಗಾಗಿ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಹಳೇ ಕಾರು ತಗೊಂಡಿದ್ದೆವು.

ಮೆಕ್ಯಾನಿಕ್ ಒಂದು ರೌಂಡ್ ಹೊಡೆದು ಬಂದು, "ಟ್ರಾನ್ಸ್‌ಮಿಷನ್ ಒಳಗಿನ ಕ್ಲಚ್ ಹೋಗಿದೆ, 2,400 ಡಾಲರ್ ಆಗುತ್ತೆ" ಅಂದ. ನಾವು ಕಾರಿಗೆ ಕೊಟ್ಟಿದ್ದೇ 3,800. ಯೋಚಿಸಿ ಹೇಳ್ತೀನಿ ಅಂತ ಬಂದುಬಿಟ್ಟೆ.

ಆ ಭಾನುವಾರ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದಾಗ ಸುಮ್ಮನೆ ಹೇಳಿಕೊಂಡೆ. ಅಪ್ಪ ಮೂಡಿಗೆರೆ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಇಪ್ಪತ್ತಾರು ವರ್ಷ ಜೀಪ್ ಓಡಿಸಿದವರು. ಪೂರ್ತಿ ಕೇಳಿ, "ಫೋರ್ ವ್ಹೀಲ್ ಹಾಕ್ಕೊಂಡೇ ಟಾರ್ ರೋಡಲ್ಲಿ ತಿರುಗಿಸ್ತಿದೀಯೇನೋ?" ಅಂದರು.

ನಗು ಬಂತು. "ಇದ್ರಲ್ಲಿ ಆ ಲಿವರ್ರೇ ಇಲ್ಲ ಅಪ್ಪ, ಎಲ್ಲಾ ಕಂಪ್ಯೂಟರ್ ನೋಡ್ಕೊಳ್ಳುತ್ತೆ" ಅಂದೆ. "ಹಂಗಾದ್ರೆ ಕಂಪ್ಯೂಟರ್ ಯಾಕೆ ಹಾಕ್ಕೊಂಡಿದೆ ಅಂತ ಕೇಳು" ಅಂದರು. ಫೋನ್ ಇಟ್ಟೆ. ಆ ರಾತ್ರಿ ನಿದ್ದೆ ಬರಲಿಲ್ಲ. ಅಪ್ಪ ಹೇಳಿದ ಆ ಎಳೆತ ನನಗೆ ಗೊತ್ತಿತ್ತು. ಹದಿನೇಳನೇ ವಯಸ್ಸಿನಲ್ಲೇ ಗೊತ್ತಾಗಿತ್ತು. ಅದರ ವಿಷಯ ಆಮೇಲೆ ಹೇಳ್ತೀನಿ.

ಮೊದಲು ಈ ಎಳೆತ ಯಾಕೆ ಬರುತ್ತೆ ಅಂತ ನೋಡೋಣ. ಹಿಂದೆ ಕಣದಲ್ಲಿ ಮೇಟಿ ಕಂಬದ ಸುತ್ತ ಎತ್ತು ತುಳಿಸುತ್ತಿದ್ದರಲ್ಲ, ಹೊರಗಿನ ಎತ್ತು ಓಡಬೇಕು, ಒಳಗಿನದು ನಿಂತಲ್ಲೇ ತಿರುಗಿದರೆ ಸಾಕು. ಕಾರು ತಿರುಗುವಾಗಲೂ ಹಾಗೇ. ಮುಂದಿನ ಚಕ್ರಗಳು ದೊಡ್ಡ ಸುತ್ತು ಹೋಗುತ್ತವೆ, ಹಿಂದಿನವು ಚಿಕ್ಕದು. ಮುಂದಕ್ಕೂ ಹಿಂದಕ್ಕೂ ಒಂದೇ ವೇಗ ಅಂತ ಕಟ್ಟಿಹಾಕಿದರೆ ನಡುವಿನ ಶಾಫ್ಟ್ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತೆ. ಕೆಸರಿನಲ್ಲೋ ಹಿಮದಲ್ಲೋ ಆದರೆ ಚಕ್ರ ಸ್ವಲ್ಪ ಜಾರಿ ಆ ಬಿಗಿತ ಬಿಡುತ್ತೆ. ಒಣ ಟಾರಿನ ಮೇಲೆ ಜಾರುವುದಿಲ್ಲ, ಅಲ್ಲಿ ಕುಪ್ಪಳಿಸುತ್ತೆ.

ನಮ್ಮಂಥ ಕಾರುಗಳಲ್ಲಿ ಈ ಕಟ್ಟುವ, ಬಿಡುವ ಕೆಲಸ ಎಣ್ಣೆಯಲ್ಲಿ ಮುಳುಗಿರುವ ಟ್ರಾನ್ಸ್‌ಫರ್ ಕ್ಲಚ್‌ನದು. ಅದನ್ನು ಬಿಗಿ ಮಾಡು, ಸಡಿಲ ಮಾಡು ಅಂತ ಹೇಳುವುದು ಕಂಪ್ಯೂಟರ್. ಅಂದರೆ ಎರಡು ಸಾಧ್ಯತೆ. ಕ್ಲಚ್ಚೇ ಅಂಟಿಕೊಂಡಿರಬಹುದು. ಇಲ್ಲವೇ ಕ್ಲಚ್ ಚೆನ್ನಾಗಿದ್ದು, ಕಂಪ್ಯೂಟರ್ರೇ ಅದನ್ನು ಸುಮ್ಮಸುಮ್ಮನೆ ಬಿಗಿ ಮಾಡಿಸುತ್ತಿರಬಹುದು. ಮೊದಲನೆಯದು 2,400 ಡಾಲರ್ ಕೆಲಸ. ಎರಡನೆಯದು ಏನು ಅಂತ ಯಾರೂ ನೋಡಿರಲಿಲ್ಲ.

ಶನಿವಾರ ಬೆಳಗ್ಗೆ ಖಾಲಿ ಪಾರ್ಕಿಂಗ್ ಜಾಗಕ್ಕೆ ಹೋದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತಿದೆ. ಟಕ್ ಟಕ್ ಸದ್ದಿಲ್ಲ, ಹಾಗಾಗಿ ಮುಂದಿನ ಆಕ್ಸಲ್‌ನ ಸಿವಿ ಜಾಯಿಂಟ್ ಮೇಲೆ ಅನುಮಾನ ಹೋಯಿತು. ಬಗ್ಗಿ ನೋಡಿದೆ, ರಬ್ಬರ್ ಬೂಟ್ ಹರಿದಿಲ್ಲ, ಗ್ರೀಸ್ ಚಿಮ್ಮಿಲ್ಲ. ನೇರ ರಸ್ತೆಯಲ್ಲಿ ಗುಂಯ್ ಅನ್ನುವ ಸದ್ದಿಲ್ಲ, ಅಲ್ಲಿಗೆ ವ್ಹೀಲ್ ಬೇರಿಂಗೂ ಅಲ್ಲ. ಡ್ರೈವ್‌ನಿಂದ ರಿವರ್ಸ್‌ಗೆ ಹಾಕಿದಾಗ ಧಡ್ ಅನ್ನಲಿಲ್ಲ, ಯೂನಿವರ್ಸಲ್ ಜಾಯಿಂಟ್ ಗಟ್ಟಿ ಇದೆ. ಕಾರು ತಣ್ಣಗಿದ್ದಾಗ ಎಳೆತ ಕಮ್ಮಿ, ಅರ್ಧ ಗಂಟೆ ಓಡಿಸಿದ ಮೇಲೆ ಜಾಸ್ತಿ.

ನಮ್ಮ ಮಾದರಿಯಲ್ಲಿ ಬಾನೆಟ್ ಒಳಗೆ ಒಂದು ಖಾಲಿ ಫ್ಯೂಸ್ ಸಾಕೆಟ್ ಇದೆ. ಅದಕ್ಕೆ ಫ್ಯೂಸ್ ಸಿಕ್ಕಿಸಿದರೆ ಕ್ಲಚ್ ಬಿಟ್ಟುಕೊಂಡು ಕಾರು ಬರೀ ಮುಂದಿನ ಚಕ್ರದಲ್ಲಿ ಓಡುತ್ತೆ. ಪರೀಕ್ಷೆಗೆ ಮಾತ್ರ ಅದು. ಸಿಕ್ಕಿಸಿದೆ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಿತು. ಮತ್ತೆ ಸುತ್ತಿದೆ. ಎಳೆತ ಇಲ್ಲ! ಬೆಣ್ಣೆ ಹಾಗೆ ತಿರುಗಿತು. ಕ್ಲಚ್ ಅಂಟಿಕೊಂಡಿದ್ದರೆ ಫ್ಯೂಸ್ ಹಾಕಿದರೂ ಎಳೆತ ಹೋಗುತ್ತಿರಲಿಲ್ಲ. ಅಂದರೆ ಕ್ಲಚ್ ಹೇಳಿದ ಮಾತು ಕೇಳುತ್ತಿದೆ. ಹೇಳುವವರು ತಪ್ಪು ಹೇಳುತ್ತಿದ್ದಾರೆ.

ಯಾಕೆ? ಆಗ ನೆನಪಾಯಿತು. ಆಗಸ್ಟ್‌ನಲ್ಲಿ ಹಿಂದಿನ ಟೈರಿಗೆ ಮೊಳೆ ಚುಚ್ಚಿತ್ತು. ಅಂಚಿನಲ್ಲಿ ಚುಚ್ಚಿದ್ದರಿಂದ ಪಂಚರ್ ಹಾಕಲು ಆಗಲಿಲ್ಲ. ದುಡ್ಡು ಉಳಿಸೋಣ ಅಂತ ಒಂದೇ ಒಂದು ಹೊಸ ಟೈರ್ ಹಾಕಿಸಿದ್ದೆ. ಅಂಗಡಿಯವನು "ನಾಲ್ಕೂ ಬದಲಾಯಿಸಿದರೆ ಒಳ್ಳೆಯದು" ಅಂದಿದ್ದ. ಮಾರೋಕೆ ಹೇಳ್ತಾನೆ ಅಂದುಕೊಂಡಿದ್ದೆ.

ಅಳತೆ ತೆಗೆದೆ. ಮೂರು ಹಳೇ ಟೈರುಗಳ ಪಟ್ಟಿ 4 ಮಿಲಿಮೀಟರ್, ಹೊಸದರದ್ದು 7. ಬರೀ 3 ಮಿಲಿಮೀಟರ್ ಅನ್ಸುತ್ತೆ. ಚಕ್ರ ಜಾಕ್ ಮೇಲೆತ್ತಿ ಹೆಂಡತಿಯ ಹೊಲಿಗೆ ಟೇಪ್ ಸುತ್ತಿ ನೋಡಿದರೆ ಸುತ್ತಳತೆಯಲ್ಲಿ ಎರಡು ಸೆಂಟಿಮೀಟರ್ ವ್ಯತ್ಯಾಸ. ಹೆಚ್ಚುಕಮ್ಮಿ ಎರಡು ಮೀಟರ್ ಸುತ್ತಳತೆಯ ಟೈರು, ಕಿಲೋಮೀಟರಿಗೆ 500 ಸುತ್ತು ಹಾಕುತ್ತೆ. ಹೊಸ ಟೈರು ಹಳೆಯದಕ್ಕಿಂತ ಸುಮಾರು ಐದು ಸುತ್ತು ಕಮ್ಮಿ ಹಾಕುತ್ತಿತ್ತು. ಕಂಪ್ಯೂಟರಿಗೆ ಟೈರು ಕಾಣಿಸುವುದಿಲ್ಲ, ವೇಗದ ವ್ಯತ್ಯಾಸ ಮಾತ್ರ ಕಾಣಿಸುತ್ತೆ. "ಚಕ್ರ ಜಾರುತ್ತಿದೆ" ಅಂದುಕೊಂಡು ಕ್ಲಚ್ ಬಿಗಿ ಮಾಡುತ್ತಿತ್ತು. ಮೂರು ತಿಂಗಳು, ಹಗಲೂ ರಾತ್ರಿ.

ಟೈರ್ ಬದಲಾಯಿಸುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಕೊಲೊರಾಡೊದ ಆ ಬೆಟ್ಟದ ಹೆದ್ದಾರಿಯಲ್ಲಿ ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಆಲ್ ವ್ಹೀಲ್ ಡ್ರೈವ್ ಕಾರಿಗೂ ಟೈರಿನ ಪಟ್ಟಿ ಕನಿಷ್ಠ 3/16 ಇಂಚು, ಅಂದರೆ ಸುಮಾರು 4.8 ಮಿಲಿಮೀಟರ್ ಇರಬೇಕು. ನನ್ನ ಮೂರು ಟೈರು ಅದಕ್ಕಿಂತ ಸವೆದಿದ್ದವು. ಅವುಗಳ ಮೇಲೇ ಹೆಂಡತಿಯನ್ನು ಸುರಂಗದ ಆಚೆಗೆ ಕಳಿಸುತ್ತಿದ್ದೆ.

ನಾಲ್ಕೂ ಹೊಸ ಟೈರು ಹಾಕಿಸಿದೆ. ಟ್ರಾನ್ಸ್‌ಮಿಷನ್ ಆಯಿಲ್ ಇಳಿಸಿದೆ. ಕೆಂಪಗಿರಬೇಕಾದದ್ದು ಕಷಾಯದ ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಹೊಡೆಯುತ್ತಿತ್ತು. ಒಂದು ಸಲ ಇಳಿಸಿದರೆ ಪೂರ್ತಿ ಬರುವುದಿಲ್ಲ, ಹಾಗಾಗಿ ನಡುವೆ ಸ್ವಲ್ಪ ಓಡಿಸಿ ಮೂರು ಸಲ ಬದಲಾಯಿಸಿದೆ. ಖಾಲಿ ಜಾಗದಲ್ಲಿ ಎಂಟರ ಆಕಾರದಲ್ಲಿ ಹತ್ತಾರು ಸುತ್ತು ಹೊಡೆದೆ. ಒಟ್ಟು ಖರ್ಚು 650 ಡಾಲರ್. ಎಳೆತ ಹೋಯಿತು. ಪೂರ್ತಿ ಹೋಯಿತು ಅಂತ ಸುಳ್ಳು ಹೇಳಲ್ಲ, ಕಾರು ತುಂಬ ಬಿಸಿಯಾದಾಗ ಇವತ್ತಿಗೂ ಒಂಚೂರು ತಡೆಯುತ್ತೆ. ಮೂರು ತಿಂಗಳ ಏಟು ಸುಮ್ಮನೆ ಹೋಗುತ್ತಾ?

ಈಗ ಹದಿನೇಳನೇ ವಯಸ್ಸಿನ ವಿಷಯ. 2005ರ ಆಗಸ್ಟ್, ನಾನು ಪಿಯುಸಿ. ಅಪ್ಪ ಜ್ವರ ಬಂದು ಮಲಗಿದ್ದ ಮಧ್ಯಾಹ್ನ, ಕೇಳದೆ ಎಸ್ಟೇಟಿನ ಜೀಪ್ ತಗೊಂಡು ಮೂಡಿಗೆರೆ ಪೇಟೆಗೆ ಹೋಗಿದ್ದೆ. ತೋಟದ ಕೆಸರಿಗೆ ಹಾಕಿದ್ದ ಫೋರ್ ವ್ಹೀಲ್ ಲಿವರ್ ತೆಗೆಯಬೇಕು ಅಂತ ಗೊತ್ತಿರಲಿಲ್ಲ. ಅವತ್ತು ಮಳೆ ಬಿಟ್ಟು ರಸ್ತೆ ಒಣಗಿತ್ತು. ಪ್ರತಿ ತಿರುವಿನಲ್ಲೂ ಜೀಪ್ ಹಿಡಿದು ಎಳೆಯುತ್ತಿತ್ತು. ವಾಪಸ್ ಬಂದು ಲಿವರ್ ಜಗ್ಗಿದೆ, ಧಡ್ ಅಂತ ಬಿಟ್ಟುಕೊಂಡಿತು. ಮೊದಲಿದ್ದ ಜಾಗದಲ್ಲೇ ನಿಲ್ಲಿಸಿ ಒಳಗೆ ಹೋದೆ.

ಮಾರನೇ ದಿನ ಕ್ಲೀನರ್ ಹುಡುಗ ಗೊಬ್ಬರದ ಮೂಟೆ ಹೇರಲು ಜೀಪ್ ಸ್ವಲ್ಪ ಮುಂದೆ ತೆಗೆದ. ಯೂನಿವರ್ಸಲ್ ಜಾಯಿಂಟ್ ಮುರಿದು ಶಾಫ್ಟ್ ನೆಲಕ್ಕೆ ಬಿತ್ತು. ರಿಪೇರಿ ಖರ್ಚು ಅವನ ಸಂಬಳದಲ್ಲಿ ಹಿಡಿದರು. ಅಪ್ಪ ಎಲ್ಲರೆದುರು ಅವನಿಗೆ ಬೈದರು. ನಾನು ಜಗಲಿಯಲ್ಲಿ ಪುಸ್ತಕ ಹಿಡ್ಕೊಂಡು ಕೂತಿದ್ದೆ. ದೀಪಾವಳಿಗೆ ಊರಿಗೆ ಹೋದ ಹುಡುಗ ವಾಪಸ್ ಬರಲಿಲ್ಲ.

ಕಾರು ಸರಿಹೋದ ದಿನ ಅಪ್ಪನಿಗೆ ಟೈರಿನ ಕಥೆ ಹೇಳಿದೆ. ಖುಷಿಪಟ್ಟರು. ಆಮೇಲೆ ಇದನ್ನೂ ಹೇಳಿದೆ. ಅಪ್ಪ ತುಂಬ ಹೊತ್ತು ಮಾತಾಡಲಿಲ್ಲ. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ. ಕೊನೆಗೆ, "ಅವನು ಅವತ್ತು, ಅಣ್ಣಾ ನಾನು ಒಂದು ಮಾರು ದೂರಾನೂ ತೆಗ್ದಿಲ್ಲ ಅಂತ ಅಂದಿದ್ದ. ನಾನು ಕೇಳ್ಲಿಲ್ಲ" ಅಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎರಡು ವಾರ ಬಿಟ್ಟು ಅಪ್ಪ ಎಲ್ಲೆಲ್ಲೋ ವಿಚಾರಿಸಿ ಅವನ ನಂಬರ್ ಕಳಿಸಿದರು. ಈಗ ಹಾಸನದ ಕಡೆ ಗೂಡ್ಸ್ ಆಟೊ ಇಟ್ಟುಕೊಂಡಿದ್ದಾನೆ. ಫೋನ್ ಮಾಡಿ ಹೇಳಿದೆ. "ಅಯ್ಯೋ, ಅದನ್ನ ಇನ್ನೂ ಇಟ್ಕೊಂಡಿದೀರಾ?" ಅಂದ. ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮಪ್ಪಂಗೆ ಗೊತ್ತಾಯ್ತಾ?" ಅಂತ ಕೇಳಿದ. ಗೊತ್ತಾಯ್ತು ಅಂದೆ. "ಅಷ್ಟು ಸಾಕು" ಅಂದ.

ಹಳೇ ಆಲ್ ವ್ಹೀಲ್ ಡ್ರೈವ್ ಕಾರು ಇಟ್ಟುಕೊಂಡವರಿಗೆ ನನ್ನ ಸಲಹೆ ಇಷ್ಟೇ. ತಿರುವಿನಲ್ಲಿ ಎಳೆಯುತ್ತಿದ್ದರೆ ಮೊದಲು ನಾಲ್ಕೂ ಟೈರು ಅಳೆಯಿರಿ, ಗಾಳಿ ನೋಡಿ, ಆಯಿಲ್ ಬಣ್ಣ ನೋಡಿ. ದೊಡ್ಡ ಬಿಲ್ಲಿಗೆ ಹೂಂ ಅನ್ನುವ ಮುಂಚೆ, ಇತ್ತೀಚೆಗೆ ನೀವೇ ಏನು ಬದಲಾಯಿಸಿದ್ದೀರಿ ಅಂತ ಒಂದು ಸಲ ನೆನಪು ಮಾಡಿಕೊಳ್ಳಿ.