ಸೀಸದ ಸಂಧಿ

ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದ ಪಕ್ಕದಲ್ಲಿ ಹಾದುಹೋಗುವಾಗಲೆಲ್ಲ ಆ ಶೆಡ್ಡುಗಳ ಸಾಲು ನಮ್ಮ ಕಾಲದ ಧರ್ಮವನ್ನೇ ಸಾರುತ್ತಿರುವಂತೆ ನನಗೆ ತೋರುತ್ತದೆ: ಒಂದರಂತೆ ಸಾವಿರ ಮಾಡು, ಮುರಿದರೆ ಎಸೆದು ಹೊಸದು ತಾ. ಹುಡುಗರ ಚೆಂಡು ಕಿಟಕಿಯ ಗಾಜನ್ನೊಡೆದರೆ ಚೂರುಗಳನ್ನು ಯಾರು ತಾನೇ ಜೋಡಿಸುತ್ತಾರೆ? ಆದರೆ ಚೂರುಗಳಿಂದಲೇ ಹುಟ್ಟಿದ ಕಿಟಕಿಯೂ ಉಂಟು. ಅದರ ನ್ಯಾಯ ಬೇರೆ.

ನೋಡಬೇಕಾದರೆ ಮೈಸೂರಿಗೆ ಹೋಗಬೇಕು. 1897ರ ಬೆಂಕಿಯ ಅನಂತರ ಕಟ್ಟಿ 1912ರಲ್ಲಿ ಮುಗಿಸಿದ ಅರಮನೆಯ ಕಲ್ಯಾಣಮಂಟಪದಲ್ಲಿ ತಲೆಯೆತ್ತಿದರೆ ಗಾಜಿನ ನವಿಲುಗಳು. ಸಂತ ಫಿಲೋಮಿನಾ ಚರ್ಚಿನ ಕಿಟಕಿಗಳಲ್ಲಿ ಕ್ರಿಸ್ತನ ಬಾಳಿನ ಕಥೆ. ಎಲ್ಲರೂ ಬಣ್ಣವನ್ನು ಹೊಗಳುತ್ತಾರೆ. ಇಂಥ ಕಿಟಕಿಗಳಲ್ಲಿ ಬಣ್ಣಗಳ ನಡುವೆ ಹರಿಯುವ ಕಪ್ಪು ಗೆರೆಯನ್ನು ವಿಚಾರಿಸುವವರಿಲ್ಲ. ಅದು ಸೀಸದ ಪಟ್ಟಿ. ಅದರ ಎರಡು ಮಗ್ಗುಲ ಸಂದುಗಳಲ್ಲಿ ಗಾಜಿನ ಚೂರುಗಳು ಕುಳಿತಿರುತ್ತವೆ.

ಗಾಜಿನ ಬಣ್ಣ ಕರಗುವಾಗಲೇ ಬೆರೆತದ್ದು. ನೀಲಿಗೆ ಕೋಬಾಲ್ಟ್, ಕೆಂಪಿಗೆ ಚಿನ್ನ ಇಲ್ಲವೆ ತಾಮ್ರ. ಅದು ಸುಲಭವಾಗಿ ಮಾಸುವುದಿಲ್ಲ. ದಣಿಯುವುದು ಸೀಸ. ಹಗಲು ಹಿಗ್ಗಿ, ಇರುಳು ಕುಗ್ಗಿ, ಗಾಳಿಗೆ ಬಾಗಿ, ಸುಮಾರು ನೂರು ವರ್ಷಕ್ಕೆ ಬಿರುಕುಬಿಡುತ್ತದೆ. ಆಗ ಕುಶಲಿಯು ಕಿಟಕಿಯ ಮೇಲೆ ಕಾಗದ ಹರಡಿ, ಮೇಣ ಉಜ್ಜಿ, ಗೆರೆಗಳ ಅಚ್ಚು ತೆಗೆಯುತ್ತಾನೆ. ಚೂರುಗಳಿಗೆ ಅಂಕಿ ಕೊಟ್ಟು, ಸೀಸ ಬಿಡಿಸಿ, ತೊಳೆದು, ಹೊಸ ಸೀಸದಲ್ಲಿ ಅವನ್ನೇ ಕೂರಿಸುತ್ತಾನೆ. ಕೂಡುವೆಡೆಗೆ ತವರದ ಬೆಸುಗೆ; ಸಂದುಗಳಿಗೆ ಸುಣ್ಣಕಲ್ಲಿನ ಪುಡಿ, ಅಗಸೆಯೆಣ್ಣೆ ಕಲಸಿದ ಮೆತ್ತೆ.

ಕನ್ನಡ ಮೇಷ್ಟರಾದ ನನಗೆ ಇದು ವ್ಯಾಕರಣವಾಗಿಯೇ ಕಾಣುತ್ತದೆ. ಗಾಜಿಗೆ ಪ್ರಕೃತಿಭಾವ, ಸೀಸಕ್ಕೆ ಆದೇಶ, ಲೋಪವೊಂದು ಆಗಬಾರದು!

ದೀಪದ ಬುರುಡೆಯಾದರೆ ಚೂರುಗಳ ಅಂಚಿಗೆ ತೆಳುತಾಮ್ರದ ಪಟ್ಟಿ ಸುತ್ತಿ ಬೆಸೆಯುತ್ತಾರೆ. ನ್ಯೂಯಾರ್ಕಿನ ಟಿಫನಿ ದೀಪಗಳು ಜಗತ್ಪ್ರಸಿದ್ಧ. ಅವುಗಳಲ್ಲಿ ಹಲವನ್ನು ರೂಪಿಸಿದಾಕೆ ಕ್ಲಾರಾ ಡ್ರಿಸ್ಕಾಲ್ ಎಂಬುದು, ಆಕೆಯ ಪತ್ರಗಳು ದೊರೆತು 2007ರಲ್ಲಿ ಪ್ರದರ್ಶನ ನಡೆದಾಗಲೇ ಲೋಕಕ್ಕೆ ತಿಳಿದದ್ದು. ಬೆಳಕಿಗೆ ಮಾಲೀಕನ ಹೆಸರು; ಹಿಡಿದು ನಿಲ್ಲಿಸಿದವಳು ಕಪ್ಪು ಗೆರೆ.

ಗಾಜು ನೂರಾರು ವರ್ಷ ಬಾಳೀತು. ಆದರೆ ಪ್ರತಿ ನೂರು ವರ್ಷಕ್ಕೊಮ್ಮೆ ಅದಕ್ಕೆ ಬಲ್ಲವರ ಕೈ ಬೇಕು. ಹತ್ತಿರದ ಚನ್ನಪಟ್ಟಣದಲ್ಲಿ ಮರಕ್ಕೆ ಅರಗಿನ ಬಣ್ಣ ಹಿಡಿಸುವ ಕೈಗಳು ಉಳಿದಿವೆಯಲ್ಲ, ಅದು ಬೊಂಬೆಗಳನ್ನು ಗಾಜಿನ ಬೀರುವಿನಲ್ಲಿಟ್ಟು ಕಾಪಾಡಿದ್ದರಿಂದಲ್ಲ. ಹಿರಿಯರ ಪಕ್ಕದಲ್ಲಿ ಕಿರಿಯರು ಕುಳಿತು ಕಲಿತದ್ದರಿಂದ. ಕಿಟಕಿಯನ್ನು ಉಳಿಸುವ ಮಾತೆತ್ತುವವರು ಮೊದಲು ಕಲಿಯುವ ಹುಡುಗನೊಬ್ಬನನ್ನು ಹುಡುಕಲಿ.