ಮೌತ್ ಆರ್ಗನ್ ರಿಪೇರಿ, ಭಾಗ 4: ಆ ನಡುಕ ಇರ್ಲಿ

ಹಿಂದಿನ ಪೋಸ್ಟಲ್ಲಿ ಕ್ಲೀನಿಂಗ್ ಮುಗೀತು. ಇವತ್ತು ಟ್ಯೂನಿಂಗ್.

ಇದು ನಮ್ಮ ತಾತನ ಟ್ರೆಮೊಲೊ ಮೌತ್ ಆರ್ಗನ್. 24 ಸ್ವರ, ಒಂದೊಂದಕ್ಕೂ ಎರಡು ಹಿತ್ತಾಳೆ ರೀಡ್, ಒಟ್ಟು 48. ಅದರಲ್ಲಿ ಒಂದೇ ಒಂದು ರೀಡ್ ಶ್ರುತಿ ಇಳಿದಿತ್ತು. ‘ಹೊಸದು ತಗೊಳ್ಳಿ’ ಅಂದ್ರು ಅಂಗಡೀಲಿ. ಹೊಸದು ಸಿಗುತ್ತೆ, ತಾತ ಊದಿದ್ದು ಸಿಗಲ್ವಲ್ಲ.

ಕೆಲಸ ಚಿಕ್ಕದು, ಕೈ ಮಾತ್ರ ಹಗುರ ಇರಬೇಕು. ರೀಡ್ ಕೆಳಗೆ ತೆಳು ಲೋಹದ ಪಟ್ಟಿ ಕೊಟ್ಟು ತುದಿ ಹತ್ರ ಕೆರೆದ್ರೆ ತೂಕ ಕಮ್ಮಿಯಾಗಿ ಶ್ರುತಿ ಏರುತ್ತೆ. ರಿವೆಟ್ ಹತ್ರ ಕೆರೆದ್ರೆ ಬಿಗಿ ಕಮ್ಮಿಯಾಗಿ ಇಳಿಯುತ್ತೆ. ಎರಡು ಸಲ ಕೆರೆಯೋದು, ಊದಿ ಕೇಳೋದು, ಮತ್ತೆ ಕೆರೆಯೋದು. ಹೋದ ಹಿತ್ತಾಳೆ ವಾಪಸ್ ಬರಲ್ಲ.

ಈಗ ಮುಖ್ಯವಾದ ಮಾತು. ಟ್ಯೂನರ್ ಆಪ್ ನೋಡ್ಕೊಂಡು ಎರಡೂ ರೀಡನ್ನ ಒಂದೇ ಶ್ರುತಿಗೆ ತರಬೇಡಿ. ಟ್ರೆಮೊಲೊದಲ್ಲಿ ಒಂದು ರೀಡ್ ಇನ್ನೊಂದಕ್ಕಿಂತ ಚೂರು ಮೇಲಿರುತ್ತೆ, ಬೇಕಂತಲೇ. ಆ ವ್ಯತ್ಯಾಸದಿಂದಲೇ ಸ್ವರ ಅಲೆ ಅಲೆಯಾಗಿ ನಡುಗೋದು. ಎರಡನ್ನೂ ಸಮ ಮಾಡಿದ್ರೆ ಆಪ್‌ಗೆ ಖುಷಿ, ತಾತನ ಸದ್ದು ಮಾತ್ರ ಹೋಯ್ತು.

ಹಾಗಾದ್ರೆ ಎಷ್ಟು ನಡುಕ ಬೇಕು? ಕೆಡದೇ ಉಳಿದಿರೋ ಅಕ್ಕಪಕ್ಕದ ಸ್ವರಗಳನ್ನೇ ಕೇಳಬೇಕು. ಅವನ್ನ ಊದಿ, ಅಲೆ ಎಣಿಸಿ, ಇದನ್ನ ಅದಕ್ಕೆ ಹೊಂದಿಸಿದೆ. ಇಡೀ ಭಾನುವಾರ ಹೋಯ್ತು.

ಸಂಜೆ ಒಂದು ಹಳೇ ಹಾಡು ಊದಿದೆ. ಅಡುಗೆಮನೇಲಿ ಅಜ್ಜಿ ಮಿಕ್ಸಿ ಆಫ್ ಮಾಡಿದ್ರು. ಹಾಡು ಮುಗಿಯೋವರೆಗೂ ಆನ್ ಮಾಡ್ಲಿಲ್ಲ.

ಭಾಗ 5ರಲ್ಲಿ: ಗಾಳಿ ಸೋರೋದನ್ನ ತಡೆಯೋದು ಹೇಗೆ.